ಓದುಗರ ಪ್ರಶ್ನೆ: ಕಾರ್ಬನ್ ಫಿಲ್ಟರ್ ಹಾಕಿದರೆ ನೀರಿನ ಲೋಹ ಹೋಗುತ್ತಾ?

ಈ ಸಲ ನೀರಿನ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇವೆ. ಕೇಳಿದವರು ಬೇರೆ ಬೇರೆ ಊರಿನವರು, ಲೋಹಗಳೂ ಬೇರೆ ಬೇರೆ. ಆದರೆ ಎಲ್ಲರಿಗೂ ಯಾರೋ ಒಬ್ಬರು ಹೇಳಿದ ಮದ್ದು ಮಾತ್ರ ಒಂದೇ: ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು.

ನಮ್ಮ ಬೋರ್‌ವೆಲ್ 1,200 ಅಡಿ. ಈ ಕಡೆಯ ನೀರಲ್ಲಿ ಯುರೇನಿಯಂ ಇದೆ ಅಂತ ಪೇಪರ್‌ನಲ್ಲಿ ಓದಿ ಮಗ ಕಾರ್ಬನ್ ಫಿಲ್ಟರ್ ತಂದು ಕೂರಿಸಿದ. 'ಯುರೇನಿಯಂ ಏನು, ಎಲ್ಲಾ ಹೆವಿ ಮೆಟಲ್ ಹೋಗುತ್ತೆ' ಅಂದನಂತೆ ಅಂಗಡಿಯವನು. ನಂಬಬಹುದಾ? (ಗೃಹಿಣಿ, ಚಿಂತಾಮಣಿ ತಾಲ್ಲೂಕು)

ನಂಬಬೇಡಿ. ಫಿಲ್ಟರ್ ಕೆಟ್ಟದ್ದೇನಲ್ಲ, ಅದರ ಕೆಲಸ ಬೇರೆ. ಕ್ಲೋರಿನ್ ವಾಸನೆ, ಬಣ್ಣ, ಕೆಲವು ಕೀಟನಾಶಕಗಳು, ಇಂಥವನ್ನು ಕಾರ್ಬನ್ ಚೆನ್ನಾಗಿ ಹಿಡಿಯುತ್ತದೆ. ಅವಕ್ಕೆ ನೀರಿನ ಸಹವಾಸ ಅಷ್ಟಕ್ಕಷ್ಟೇ, ಕಾರ್ಬನ್ ಸಿಕ್ಕ ಕೂಡಲೇ ಹೋಗಿ ಅಂಟಿಕೊಳ್ಳುತ್ತವೆ. ಕರಗಿದ ಲೋಹದ ಕಥೆ ಬೇರೆ. ಅದು ಅಯಾನ್ ರೂಪದಲ್ಲಿ, ಅಂದರೆ ವಿದ್ಯುತ್ ಆವೇಶ ಹೊತ್ತ ಕಣವಾಗಿ ಇರುತ್ತದೆ, ಸುತ್ತಲೂ ನೀರಿನ ಅಣುಗಳನ್ನು ಕಟ್ಟಿಕೊಂಡು ಆರಾಮಾಗಿ ಇರುತ್ತದೆ, ಸಾದಾ ಕಾರ್ಬನ್ ಕಡೆ ತಿರುಗಿ ನೋಡಲು ಅದಕ್ಕೆ ಕಾರಣವೇ ಇಲ್ಲ. ನಿಮ್ಮ ಕಡೆಯ ಯುರೇನಿಯಂ ಇನ್ನೂ ಹಟಮಾರಿ. ಕೋಲಾರ, ಚಿಕ್ಕಬಳ್ಳಾಪುರದ ಗ್ರಾನೈಟ್ ಬಂಡೆಯಿಂದ ಬಿಟ್ಟುಕೊಂಡು ಬಂದದ್ದು ನೀರಿನಲ್ಲಿರುವ ಕಾರ್ಬೊನೇಟ್, ಕ್ಯಾಲ್ಸಿಯಂ ಜೊತೆ ಸೇರಿಕೊಂಡಿರುತ್ತದೆ. ಆ ರೂಪದಲ್ಲಿ ಅದು ಕಾರ್ಬನ್ ಪಕ್ಕದಲ್ಲೇ ಹಾದು ನಿಮ್ಮ ಲೋಟಕ್ಕೆ ಬರುತ್ತದೆ.

ಮೊದಲು ಪರೀಕ್ಷೆ ಮಾಡಿಸಿ. ನೀರಿನ ಸಾಮಾನ್ಯ ರಿಪೋರ್ಟ್‌ನಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ಇರುತ್ತದೆ, ಯುರೇನಿಯಂ ಇರುವುದಿಲ್ಲ. ಅದನ್ನು ಹೆಸರು ಹೇಳಿಯೇ ಕೇಳಬೇಕು, ಬಾಟಲಿಯನ್ನೂ ಲ್ಯಾಬ್‌ನವರಿಂದಲೇ ತೆಗೆದುಕೊಳ್ಳಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಮಿತಿ ಲೀಟರಿಗೆ 0.03 ಮಿಲಿಗ್ರಾಂ. ಯುರೇನಿಯಂ ಅಂದ ತಕ್ಷಣ ಎಲ್ಲರೂ ವಿಕಿರಣಕ್ಕೆ ಹೆದರುತ್ತಾರೆ, ಆದರೆ ಕುಡಿಯುವ ನೀರಿನಲ್ಲಿ ಮೊದಲ ಚಿಂತೆ ಕಿಡ್ನಿಯದು. ಮಿತಿ ಮೀರಿದ್ದರೆ ಆರ್‌ಓ ಬೇಕು. ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದರೆ, ಅದರ ಮೆಂಬ್ರೇನ್ (ನೀರು ಸೋಸುವ ತೆಳು ಪದರ) ಸಮಯಕ್ಕೆ ಸರಿಯಾಗಿ ಬದಲಾಯಿಸುತ್ತಿದ್ದರೆ, ಕಾಯಿನ್ ಹಾಕಿ ಅಲ್ಲಿಂದ ತರುವ ನೀರೂ ಆದೀತು. ಮನೆ ಮೇಲೆ ಶೀಟೋ ಆರ್‌ಸಿಸಿಯೋ ಇದ್ದರೆ ಮಳೆ ನೀರು ಹಿಡಿದಿಡಿ. ಬಂಡೆಯೊಳಗೆ ಇಳಿಯದ ನೀರಿಗೆ ಬಂಡೆಯ ಯುರೇನಿಯಂ ಎಲ್ಲಿಂದ ಬರಬೇಕು? ಒಂದು ಮಾತು: ಆರ್‌ಓ ಮಷಿನ್ ಬಿಸಾಕುವ ನೀರಿನಲ್ಲಿ ಲೋಹ ಇನ್ನೂ ದಟ್ಟವಾಗಿರುತ್ತದೆ, ಅದನ್ನು ಸೊಪ್ಪಿನ ಮಡಿಗೆ ಬಿಡಬೇಡಿ. ಬಚ್ಚಲು ತೊಳೆಯಲು ಬಳಸಿ.

ಅಂದಹಾಗೆ ಆರ್‌ಓ ಮಷಿನ್ ಒಳಗೂ ಒಂದು ಕಾರ್ಬನ್ ಕಾಟ್ರಿಡ್ಜ್ ಇರುತ್ತದೆ. ಅದನ್ನು ತೋರಿಸಿ 'ಲೋಹ ಹಿಡಿಯೋದು ಇದೇ' ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಅದರ ಮುಖ್ಯ ಕೆಲಸ ಕ್ಲೋರಿನ್ ತೆಗೆದು ಮೆಂಬ್ರೇನ್ ಉಳಿಸುವುದು. ಲೋಹ ತಡೆಯುವುದು ಮೆಂಬ್ರೇನ್.

ನಮ್ಮಲ್ಲಿ ತೆಂಗಿನ ಚಿಪ್ಪು ರಾಶಿ ಬಿದ್ದಿದೆ. ಡ್ರಮ್‌ನಲ್ಲಿ ಸುಟ್ಟು ಇದ್ದಿಲು ಮಾಡುತ್ತೇವೆ. ಅದನ್ನೇ ಪುಡಿ ಮಾಡಿ ನೀರು ಸೋಸಬಹುದಲ್ಲ? ಆಕ್ಟಿವೇಟೆಡ್ ಅನ್ನೋದು ಸುಮ್ನೆ ದೊಡ್ಡ ಹೆಸರು ತಾನೆ? (ತೋಟದವರು, ತಿಪಟೂರು)

ಹೆಸರು ದೊಡ್ಡದೇ, ಆದರೆ ಸುಮ್ನೆ ಇಟ್ಟದ್ದಲ್ಲ. ಗಾಳಿ ಕಡಿಮೆ ಕೊಟ್ಟು ಚಿಪ್ಪು ಸುಟ್ಟರೆ ಇದ್ದಿಲು ಸಿಗುತ್ತದೆ. ಅದರಲ್ಲಿ ರಂಧ್ರಗಳಿವೆ, ಆದರೆ ಹೆಚ್ಚಿನವು ಟಾರ್ ಕಟ್ಟಿಕೊಂಡು ಮುಚ್ಚಿರುತ್ತವೆ. ಕಾರ್ಖಾನೆಯಲ್ಲಿ ಅದೇ ಇದ್ದಿಲಿಗೆ 800ರಿಂದ 1,000 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸುತ್ತಾರೆ. ಹಬೆ ಇಂಗಾಲವನ್ನೇ ಸ್ವಲ್ಪ ಸ್ವಲ್ಪ ತಿಂದು ಒಳಗೆಲ್ಲ ತೀರಾ ಸಣ್ಣ ರಂಧ್ರ ಕೊರೆಯುತ್ತದೆ. ಹೀಗಾದ ಮೇಲೆ ಒಂದು ಗ್ರಾಂ ಕಾರ್ಬನ್‌ನ ಒಳಮೈ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು. ಚಿಟಿಕೆಯಷ್ಟು ಪುಡಿಯಲ್ಲಿ! ಡ್ರಮ್ ಇದ್ದಿಲಿನಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಜೊತೆಗೆ ತೊಳೆಯದ ಇದ್ದಿಲಿನ ಬೂದಿ ನೀರಿಗೆ ಬಿಟ್ಟು ಸವುಳು ರುಚಿ ಬರುತ್ತದೆ.

ಫಾಸ್ಫಾರಿಕ್ ಆಸಿಡ್‌ನಲ್ಲೋ ಜಿಂಕ್ ಕ್ಲೋರೈಡ್‌ನಲ್ಲೋ ನೆನೆಸಿ ಸುಡುವ ದಾರಿಯೂ ಇದೆ. ವಿಡಿಯೋ ನೋಡಿಕೊಂಡು ಹಿತ್ತಲಲ್ಲಿ ಮಾಡಲು ಹೋಗಬೇಡಿ. ನಿಮ್ಮ ಚಿಪ್ಪಿಗೆ ಬೆಲೆ ಬೇಕಿದ್ದರೆ ಇದ್ದಿಲು ಮಾಡಿ ಕಾರ್ಬನ್ ಕಾರ್ಖಾನೆಗೇ ಮಾರಿ. ಚಿಪ್ಪಿನ ಕಾರ್ಬನ್ ಗಟ್ಟಿ, ಬೇಗ ಪುಡಿಯಾಗುವುದಿಲ್ಲ. ಅದಕ್ಕೇ ಚಿನ್ನದ ಗಣಿಗಳಲ್ಲಿ ಅದಕ್ಕೆ ಬೇಡಿಕೆ. ಸಯನೈಡ್‌ನಲ್ಲಿ ಕರಗಿಸಿದ ಚಿನ್ನವನ್ನು ಹಿಡಿಯುವುದು ತೆಂಗಿನ ಚಿಪ್ಪಿನ ಕಾರ್ಬನ್ನೇ. ನೋಡಿ, ಲೋಹ ಹಿಡಿಯುವುದೇ ಇಲ್ಲ ಅಂತಲೂ ಹೇಳುವಂತಿಲ್ಲ. ಲೋಹ ಯಾವುದು, ಯಾವ ರೂಪದಲ್ಲಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಡಿಕೆ ಸಿಪ್ಪೆಯಿಂದ ಕಾರ್ಬನ್ ಮಾಡಿದ್ದೇನೆ. ನೀರಿನಿಂದ 98% ಸೀಸ ತೆಗೆಯಿತು. ಇಂಥ ಪೇಪರ್‌ಗಳು ನೂರಾರು ಇವೆ. ಮತ್ತೆ ಮಾರುಕಟ್ಟೆಗೆ ಯಾಕೆ ಬರುತ್ತಿಲ್ಲ? (ವಿದ್ಯಾರ್ಥಿನಿ, ದಾವಣಗೆರೆ)

ಪ್ರಶ್ನೆ ಚೆನ್ನಾಗಿದೆ, ಉತ್ತರ ಸ್ವಲ್ಪ ಖಾರವಾಗಿದ್ದರೆ ಬೇಜಾರಾಗಬೇಡಿ. ನೀವು ಶುರು ಮಾಡಿದ ನೀರಿನಲ್ಲಿ ಎಷ್ಟು ಸೀಸ ಇತ್ತು ಅಂತ ಬರೆದಿಲ್ಲ. ಸಾಮಾನ್ಯವಾಗಿ ಲೀಟರಿಗೆ 50 ಮಿಲಿಗ್ರಾಂ ಹಾಕುತ್ತಾರೆ. ಅದರಲ್ಲಿ 98% ಹೋದರೆ ಉಳಿಯುವುದು 1 ಮಿಲಿಗ್ರಾಂ. ಕುಡಿಯುವ ನೀರಿನ ಮಿತಿ 0.01. ಅಂದರೆ ನಿಮ್ಮ 'ಶುದ್ಧ' ನೀರಿನಲ್ಲಿ ಇನ್ನೂ ಮಿತಿಯ ನೂರು ಪಟ್ಟು ಸೀಸ ಇದೆ. ಶೇಕಡಾ ಲೆಕ್ಕ ಕೇಳಲು ಚೆಂದ, ಕುಡಿಯುವವರಿಗೆ ಬೇಕಾದದ್ದು ಕೊನೆಗೆ ಉಳಿದದ್ದು ಎಷ್ಟು ಅನ್ನುವುದು. ಕಡಿಮೆ ಪ್ರಮಾಣದ ಸೀಸವನ್ನು ಇನ್ನೂ ಕೆಳಕ್ಕೆ ಇಳಿಸುವುದೇ ಕಷ್ಟದ ಕೆಲಸ, ಆ ಭಾಗವನ್ನೇ ಬಹಳಷ್ಟು ಪೇಪರ್‌ಗಳು ಮುಟ್ಟುವುದಿಲ್ಲ.

ಎರಡನೆಯದು, ನಿಮ್ಮ ನೀರು ಡಿಸ್ಟಿಲ್ಡ್ ವಾಟರ್ ಅಲ್ವಾ? ಅದರಲ್ಲಿ ಸೀಸ ಒಂದೇ ಇತ್ತು. ದಾವಣಗೆರೆಯ ಯಾವುದೇ ಬೋರ್ ನೀರು ತೆಗೆದುಕೊಳ್ಳಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೀಸಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಇರುತ್ತದೆ. ಕಾರ್ಬನ್ ಮೇಲೆ ಲೋಹ ಕೂರುವ ಜಾಗಗಳೇ ಕಡಿಮೆ, ಇವೂ ಅಲ್ಲಿಗೇ ನುಗ್ಗುತ್ತವೆ. ಮೂರನೆಯದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ. ತೀರಾ ಆಮ್ಲೀಯ ನೀರಿನಲ್ಲಿ ಕಾರ್ಬನ್ ಮೈ ಧನ ಆವೇಶ ಹೊತ್ತಿರುತ್ತದೆ, ಸೀಸವೂ ಧನ, ಹತ್ತಿರ ಬರುವುದಿಲ್ಲ. ಪಿಎಚ್ 5, 6ಕ್ಕೆ ಬಂದಾಗ ಹಿಡಿತ ಸಿಗುತ್ತದೆ. ಇನ್ನೂ ಮೇಲೇರಿಸಿದರೆ, ಅದರಲ್ಲೂ ಲೋಹ ಜಾಸ್ತಿ ಹಾಕಿದ್ದರೆ, ಸೀಸ ಹೈಡ್ರಾಕ್ಸೈಡ್ ಆಗಿ ತಾನೇ ತಳಕ್ಕೆ ಕೂರುತ್ತದೆ, ಕಾರ್ಬನ್ ಹಿಡಿಯಿತು ಅಂತ ನಾವು ಖುಷಿಪಡುತ್ತೇವೆ. ಕಾರ್ಬನ್ ಹಾಕದೆ ಅದೇ ಪಿಎಚ್‌ನಲ್ಲಿ ಒಂದು ಬಾಟಲಿ ಪಕ್ಕಕ್ಕೆ ಇಟ್ಟು ಹೋಲಿಸಿದ್ದೀರಾ? ಇಟ್ಟಿಲ್ಲದಿದ್ದರೆ ನಾಳೆಯೇ ಇಡಿ.

ಅಡಿಕೆ ಸಿಪ್ಪೆ ಬಿಡಬೇಕಾಗಿಲ್ಲ. ನೈಟ್ರಿಕ್ ಆಸಿಡ್‌ನಿಂದ ಆಕ್ಸಿಡೈಸ್ ಮಾಡಿದರೆ ಕಾರ್ಬನ್ ಮೈಮೇಲೆ ಕಾರ್ಬಾಕ್ಸಿಲ್ ಗುಂಪುಗಳು ಏಳುತ್ತವೆ, ಸೀಸ, ಕ್ಯಾಡ್ಮಿಯಂ ಹಿಡಿಯಲು ಬೇಕಾದದ್ದು ಅವೇ. ಪಾದರಸಕ್ಕಾದರೆ ಗಂಧಕ ಸೇರಿಸುತ್ತಾರೆ, ಆರ್ಸೆನಿಕ್‌ಗೆ ಕಬ್ಬಿಣ. ಚನ್ನಗಿರಿ, ಹೊನ್ನಾಳಿ ಕಡೆಯಿಂದ ಒಂದು ಕ್ಯಾನ್ ನಿಜವಾದ ಬೋರ್ ನೀರು ತಂದು, ಅದಕ್ಕೆ ಲೀಟರಿಗೆ 0.1 ಮಿಲಿಗ್ರಾಂ ಸೀಸ ಮಾತ್ರ ಹಾಕಿ, ಕೊಳವೆಯಲ್ಲಿ ಕಾರ್ಬನ್ ತುಂಬಿ ದಿನಗಟ್ಟಲೆ ಹರಿಸಿ, ಎಷ್ಟು ಲೀಟರ್ ಆದ ಮೇಲೆ ಸೀಸ ಸೋರಲು ಶುರುವಾಯಿತು ಅಂತ ಬರೆದರೆ ಆ ಪ್ರಾಜೆಕ್ಟ್‌ಗೆ ಬೇರೆಯೇ ತೂಕ ಬರುತ್ತದೆ. ಫಲಿತಾಂಶ 98 ಬರಲಿಕ್ಕಿಲ್ಲ, ಬರದಿದ್ದರೂ ಬರೆಯಿರಿ.

ನಾನು ಪೀಣ್ಯದ ಪ್ಲೇಟಿಂಗ್ ಶಾಪ್‌ನಲ್ಲಿ ಸೂಪರ್‌ವೈಸರ್. ನಿಕ್ಕಲ್, ಕ್ರೋಮ್ ಎರಡೂ ಮಾಡುತ್ತೇವೆ. 'ಎರಡು ಕಾರ್ಬನ್ ಕಾಲಂ ಹಾಕಿಬಿಡಿ, ಕೆಮಿಕಲ್ ತಲೆನೋವೇ ಬೇಡ' ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಓನರ್‌ಗೆ ಇಷ್ಟವಾಗಿದೆ. ಏನು ಹೇಳಲಿ? (ಬೆಂಗಳೂರು)

ಓನರ್‌ಗೆ ಒಂದೇ ಪ್ರಶ್ನೆ ಕೇಳಿ: ನಮ್ಮ ನಿಕ್ಕಲ್ ಬಾತ್‌ಗೆ (ಲೇಪನ ಮಾಡುವ ದ್ರಾವಣಕ್ಕೆ) ಆಗಾಗ ಕಾರ್ಬನ್ ಟ್ರೀಟ್‌ಮೆಂಟ್ ಕೊಡುತ್ತೇವಲ್ಲ, ಆಗ ನಿಕ್ಕಲ್ ಹೋಗುತ್ತಾ? ಹೊಳಪಿಗೆ ಹಾಕುವ ಬ್ರೈಟ್‌ನರ್ ಒಡೆದು ಆದ ಕೊಳೆ ಹೋಗುತ್ತದೆ, ನಿಕ್ಕಲ್ ಹಾಗೇ ಬಾತ್‌ನಲ್ಲಿ ಉಳಿಯುತ್ತದೆ. ಬಾತ್‌ನಲ್ಲಿ ನಿಕ್ಕಲ್ ಬಿಟ್ಟುಬಿಡುವ ಅದೇ ಕಾರ್ಬನ್ ತೊಳೆದ ನೀರಿನಲ್ಲಿ ಮಾತ್ರ ಪೂರ್ತಿ ಹಿಡಿಯುತ್ತದೆ ಅಂದರೆ ಹೇಗೆ? ಸ್ವಲ್ಪ ಹಿಡಿದೀತು, ಅಷ್ಟರಲ್ಲಿ ಕಾಲಂ ತುಂಬಿ ಸೋರುತ್ತದೆ.

ಕ್ರೋಮ್ ವಿಷಯದಲ್ಲಿ ಮಾರುವವರು ಹೇಳಿದ್ದು ಅರ್ಧ ನಿಜ. ಕ್ರೋಮ್ ಬಾತ್‌ನ ಹಳದಿ ಕ್ರೋಮಿಯಂ, ಅಂದರೆ ಆರು ವೇಲೆನ್ಸಿಯದು, ಋಣ ಅಯಾನ್. ನೀರು ಆಮ್ಲೀಯವಾಗಿದ್ದರೆ ಕಾರ್ಬನ್ ಅದನ್ನು ಎಳೆದುಕೊಳ್ಳುತ್ತದೆ, ಅಷ್ಟೇ ಅಲ್ಲ, ತಾನೇ ಎಲೆಕ್ಟ್ರಾನ್ ಕೊಟ್ಟು ಅದನ್ನು ಕಡಿಮೆ ವಿಷದ ಮೂರು ವೇಲೆನ್ಸಿಯ ಕ್ರೋಮಿಯಂ ಮಾಡುತ್ತದೆ. ಆದರೆ ಆ ಮೂರು ವೇಲೆನ್ಸಿಯದು ಧನ ಅಯಾನ್, ಆಮ್ಲೀಯ ನೀರಿನಲ್ಲಿ ಕಾರ್ಬನ್ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಂಡು ಹೊರಗೆ ಹೋಗುತ್ತದೆ. ಹಳದಿ ಬಣ್ಣ ಹೋಯಿತು ಅಂತ ಡೆಮೊ ತೋರಿಸಿದರೆ ಮರುಳಾಗಬೇಡಿ, ಒಟ್ಟು ಕ್ರೋಮಿಯಂ ಎಷ್ಟಿದೆ ಅಂತ ಕೇಳಿ. ಹೊರಗೆ ಬಿಡುವ ನೀರಿಗೆ ಆರು ವೇಲೆನ್ಸಿಯದು ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ, ಇವೆರಡನ್ನೂ ನೋಡುತ್ತಾರೆ.

ಹಳೆಯ ದಾರಿಯೇ ಸರಿ. ಕ್ರೋಮ್ ತೊಳೆದ ನೀರು ಬೇರೆ ಟ್ಯಾಂಕ್‌ಗೆ. ಪಿಎಚ್ 2ರಿಂದ 2.5ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಹಳದಿ ಹೋಗಿ ಹಸಿರು ಬರುತ್ತದೆ. ಆಮೇಲೆ ಸುಣ್ಣವೋ ಕಾಸ್ಟಿಕ್ಕೋ ಹಾಕಿ ಪಿಎಚ್ 8.5ರ ಸುತ್ತ ತಂದರೆ ಕ್ರೋಮಿಯಂ ಗಸಿಯಾಗಿ ಕೂರುತ್ತದೆ. ನಿಕ್ಕಲ್ ಕೂರಲು ಪಿಎಚ್ ಇನ್ನೂ ಮೇಲೆ ಬೇಕು, ಆದರೆ ತೀರಾ ಏರಿಸಿದರೆ ಕ್ರೋಮ್ ಮತ್ತೆ ಕರಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಕೂರಿಸುವುದೇ ವಾಸಿ. ಸಯನೈಡ್ ಜಿಂಕ್ ಕೂಡ ಮಾಡುವವರಿದ್ದರೆ ಅದರ ನೀರು ತಪ್ಪಿಯೂ ಈ ಆಸಿಡ್ ಟ್ಯಾಂಕ್‌ಗೆ ಬರಬಾರದು. ಏಳುವ ಗ್ಯಾಸ್ ಜನರನ್ನು ಕೊಲ್ಲುತ್ತದೆ. ಇಷ್ಟೆಲ್ಲ ಆದ ಮೇಲೆ ಎಣ್ಣೆ, ಬ್ರೈಟ್‌ನರ್ ಉಳಿಕೆ ತೆಗೆಯಲು ಕೊನೆಯಲ್ಲಿ ಒಂದು ಕಾರ್ಬನ್ ಕಾಲಂ ಇಡಿ, ಅಲ್ಲಿ ಅದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಗಸಿ ಮಾತ್ರ ಮೋರಿಗಲ್ಲ, ಕಸದ ಗಾಡಿಗಲ್ಲ. ದಾಬಸ್‌ಪೇಟೆ ಹತ್ತಿರ ಅಪಾಯಕಾರಿ ತ್ಯಾಜ್ಯದ ಘಟಕ ಇರುವುದೇ ಅದಕ್ಕೆ. ಪೀಣ್ಯದ ಬೋರ್‌ವೆಲ್‌ಗಳಲ್ಲಿ ಕ್ರೋಮಿಯಂ ಸಿಕ್ಕಿದ್ದು ಯಾಕೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಟಿಡಿಎಸ್ ಮೀಟರ್‌ನಲ್ಲಿ 80 ಬರುತ್ತದೆ. ನಮ್ಮ ನೀರಿನಲ್ಲಿ ಹೆವಿ ಮೆಟಲ್ ಇಲ್ಲ ಅಂತ ಅರ್ಥವಾ? (ಹುಬ್ಬಳ್ಳಿ)

ಇಲ್ಲ. ನಿಮ್ಮ ಮೀಟರ್ ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಸೇರಿಸಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ತೋರಿಸುತ್ತದೆ, 79, 80, 81 ಹೀಗೆ. ಸೀಸದ ಮಿತಿ 0.01, ಅಷ್ಟು ಸಣ್ಣದು ಅದಕ್ಕೆ ಕಾಣುವುದೇ ಇಲ್ಲ.

ಕುದಿಸಿದರೆ? (ಅದೇ ಮನೆಯವರು)

ಕ್ರಿಮಿ ಸಾಯುತ್ತವೆ. ನೀರು ಆವಿಯಾಗಿ ಲೋಹ ಇನ್ನಷ್ಟು ದಟ್ಟವಾಗುತ್ತದೆ.

ಫ್ಲೋರೈಡ್‌ಗೆ ಕಾರ್ಬನ್ ಹಾಕಿದ್ದೇವೆ, ರಿಪೋರ್ಟ್ ಬದಲಾಗಲೇ ಇಲ್ಲ. (ಪಾವಗಡ)

ಬಹುಶಃ ಆಕ್ಟಿವೇಟೆಡ್ ಅಲ್ಯೂಮಿನಾ ಅಂತ ಕೇಳಿ ಕಾರ್ಬನ್ ತಂದಿರಬೇಕು. ಹೆಸರಿನ ಮೊದಲರ್ಧ ಒಂದೇ, ವಸ್ತು ಬೇರೆ. ಫ್ಲೋರೈಡ್ ಲೋಹವೂ ಅಲ್ಲ. ಅದಕ್ಕೆ ಅಲ್ಯೂಮಿನಾ, ಇಲ್ಲವೇ ಆರ್‌ಓ.

ಸುರಪುರ ತಾಲ್ಲೂಕಿನ ಹೈಸ್ಕೂಲ್ ಮೇಷ್ಟ್ರು ನಾನು. ಮಡಕೆಯಲ್ಲಿ ಮರಳು, ಇದ್ದಿಲು, ಇಟ್ಟಿಗೆ ಚೂರು ಹಾಕಿ ಮಕ್ಕಳಿಂದ ಫಿಲ್ಟರ್ ಮಾಡಿಸಿದೆ. ಬಾಂಗ್ಲಾದೇಶದಲ್ಲಿ ಇಂಥದ್ದೇ ಆರ್ಸೆನಿಕ್ ತೆಗೆಯುತ್ತದೆ ಅಂತ ಓದಿದ್ದೆ. ನಮ್ಮೂರಿನವರೂ ಬಳಸಬಹುದಾ ಸರ್?

ನೀವು ಓದಿದ್ದು ಸೋನೋ ಫಿಲ್ಟರ್ ಬಗ್ಗೆ. ಬಾಂಗ್ಲಾದೇಶ ಮೂಲದ ರಸಾಯನಶಾಸ್ತ್ರಜ್ಞ ಅಬುಲ್ ಹುಸ್ಸಾಂ ಅದಕ್ಕಾಗಿ 2007ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಅಕಾಡೆಮಿಯಿಂದ 10 ಲಕ್ಷ ಡಾಲರ್ ಬಹುಮಾನ ಪಡೆದರು. ಅದರಲ್ಲೂ ಮರಳು, ಇದ್ದಿಲು, ಇಟ್ಟಿಗೆ ಚೂರು ಎಲ್ಲಾ ಇದೆ. ಆದರೆ ಆರ್ಸೆನಿಕ್ ಹಿಡಿಯುವುದು ಅದರ ಮೇಲಿನ ಬಕೆಟ್‌ನಲ್ಲಿರುವ ಕಬ್ಬಿಣ. ಸಂಸ್ಕರಿಸಿದ ಕಬ್ಬಿಣದ ಚೂರುಗಳು ತುಕ್ಕು ಹಿಡಿಯುತ್ತಾ ಹೋಗುತ್ತವೆ, ಆ ತುಕ್ಕಿಗೆ ಆರ್ಸೆನಿಕ್ ಅಂಟುತ್ತದೆ. ಇದ್ದಿಲು ಇರುವುದು ಸಾವಯವ ಕೊಳೆಗೆ. ನಿಮ್ಮ ಮಡಕೆಯಲ್ಲಿ ಕಬ್ಬಿಣವೇ ಇಲ್ಲ ಮೇಷ್ಟ್ರೇ. ನೀರು ತಿಳಿಯಾಗುತ್ತದೆ, ಅಜ್ಜಿಯಂದಿರು ಚಿಲ್ಲದ ಬೀಜ ತೇಯ್ದು ತಿಳಿ ಮಾಡುತ್ತಿದ್ದಂತೆ. ಆರ್ಸೆನಿಕ್ ಮಾತ್ರ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ನಿಮ್ಮ ತಾಲ್ಲೂಕಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿ, ಜನರ ಅಂಗೈ ಅಂಗಾಲು ಒರಟಾಗಿ ಗಂಟು ಕಟ್ಟಿದ್ದು ಸಂಶೋಧನೆಗಳಲ್ಲಿ ದಾಖಲಾಗಿದೆ. ಹಳೆಯ ಚಿನ್ನದ ಗಣಿಗಾರಿಕೆ ನಡೆದ ಜಾಗ ಅದು. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್ ಇರುವ ಖನಿಜವೂ ಇರುವುದು ಮಾಮೂಲು. ಹಾಗಾಗಿ ಮಕ್ಕಳ ಮಡಕೆಯನ್ನು ಪ್ರದರ್ಶನದಲ್ಲಿ ಇಡಿ, ಮನೆಯಲ್ಲಿ ಬೇಡ. ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ: ಊರಿನ ಒಂದೊಂದು ಬೋರ್‌ವೆಲ್ ನೀರನ್ನೂ ಲ್ಯಾಬ್‌ಗೆ ಕಳಿಸಿ, ರಿಪೋರ್ಟ್ ಬಂದ ಮೇಲೆ ಮಿತಿ ಮೀರಿದ ಕೈಪಂಪ್‌ಗೆ ಕೆಂಪು ಬಣ್ಣ ಬಳಿಯಲಿ. ಬಂಗಾಳ, ಬಾಂಗ್ಲಾದೇಶದಲ್ಲಿ ಹೀಗೇ ಮಾಡುತ್ತಾರೆ. ಎಷ್ಟೋ ಕಡೆ ಪಕ್ಕದ ಬಾವಿಯೇ ಚೆನ್ನಾಗಿರುತ್ತದೆ.

ಮಗಳ ಬಾಣಂತನಕ್ಕೆ ನ್ಯೂಜೆರ್ಸಿಯ ನೂಆರ್ಕ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಹಳೆ ಮನೆಗಳ ನಲ್ಲಿ ನೀರಿನಲ್ಲಿ ಸೀಸ ಬರುತ್ತದಂತೆ. ಅಳಿಯಂದಿರು ಕಾರ್ಬನ್ ಫಿಲ್ಟರ್ ಇದೆ, ಭಯ ಬೇಡ ಅಂತಾರೆ. ಮಗುವಿಗೆ ಆ ನೀರು ಕೊಡಬಹುದಾ? (ಮೈಸೂರು)

ನಿಮ್ಮ ಅಳಿಯಂದಿರ ಮಾತು ಸರಿ ಇರಬಹುದು. ಅಲ್ಲಿ ಸೀಸ ಬರುತ್ತಿದ್ದದ್ದು ರಸ್ತೆಯಿಂದ ಮನೆಗೆ ಬರುವ ಹಳೆಯ ಸೀಸದ ಪೈಪಿನಿಂದ. ನೂಆರ್ಕ್‌ನಲ್ಲಿ 2019ರ ಗಲಾಟೆಯ ನಂತರ ಸುಮಾರು 23,000 ಪೈಪ್ ಬದಲಾಯಿಸಿದ್ದಾರೆ, ಆದರೂ ಅವರ ಮನೆಯ ಪೈಪ್ ಯಾವುದು ಅಂತ ನಗರಪಾಲಿಕೆಯಲ್ಲಿ ವಿಚಾರಿಸುವುದು ಒಳ್ಳೆಯದು. ಇನ್ನು ಫಿಲ್ಟರ್. ಒತ್ತಿ ಗಟ್ಟಿ ಮಾಡಿದ ಕಾರ್ಬನ್ ಬ್ಲಾಕ್, ಅದಕ್ಕೆ ಸೀಸ ಹಿಡಿಯುವ ವಸ್ತು ಸೇರಿಸಿ ಮಾಡಿದ್ದು ನಿಜವಾಗಿ ಸೀಸ ತೆಗೆಯುತ್ತದೆ. ಡಬ್ಬಿ ಮೇಲೆ ಎನ್‌ಎಸ್‌ಎಫ್ 53 (ಅಲ್ಲಿನ ಫಿಲ್ಟರ್ ಮಾನದಂಡದ ಗುರುತು) ಅಂತ ಇದೆಯಾ, ಅದರಲ್ಲಿ ಸೀಸದ ಹೆಸರು ಇದೆಯಾ ನೋಡಿ. 42 ಅಂತ ಮಾತ್ರ ಇದ್ದರೆ ಅದು ರುಚಿ, ವಾಸನೆ, ಕ್ಲೋರಿನ್‌ಗೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಗೊಂದಲ ಆಗುವುದೇ ಇಲ್ಲಿ. ಬಿಸಿ ನೀರಿನ ನಲ್ಲಿಯಿಂದ ಹಿಡಿದು ಮಗುವಿಗೆ ಹಾಲಿನ ಪುಡಿ ಕಲಸಬೇಡಿ, ಬಿಸಿ ನೀರು ಸೀಸವನ್ನು ಜಾಸ್ತಿ ಕರಗಿಸುತ್ತದೆ. ತಣ್ಣೀರು ಹಿಡಿದು, ಸೋಸಿ, ಆಮೇಲೆ ಕಾಯಿಸಿ. ಬೆಳಗ್ಗೆ ಎದ್ದ ಕೂಡಲೇ ಬರುವ ನೀರನ್ನು ಸ್ವಲ್ಪ ಹೊತ್ತು ಹರಿಯಬಿಡಿ.

ಕಾಟ್ರಿಡ್ಜ್ ಹಾಕಿ ಎರಡು ವರ್ಷ ಆಯ್ತು. ನೀರಿನ ರುಚಿ ಚೆನ್ನಾಗೇ ಇದೆ. ಬದಲಾಯಿಸಲೇಬೇಕಾ? ಹಳೆಯದನ್ನು ಬಿಸಿಲಿಗೆ ಒಣಗಿಸಿ ಮತ್ತೆ ಹಾಕಬಹುದಾ? (ಉಡುಪಿ)

ರುಚಿ ನೋಡಿ ಗೊತ್ತಾಗುವುದಿಲ್ಲ, ಸೀಸಕ್ಕೂ ಆರ್ಸೆನಿಕ್‌ಗೂ ಆ ಪ್ರಮಾಣದಲ್ಲಿ ರುಚಿಯೇ ಇಲ್ಲ. ಕಾರ್ಬನ್ ತುಂಬಿದ ಮೇಲೆ ಬಂದದ್ದು ಬಂದ ಹಾಗೇ ಹೋಗುತ್ತದೆ, ಕೆಲವೊಮ್ಮೆ ಮೊದಲು ಹಿಡಿದದ್ದನ್ನೂ ಬಿಟ್ಟುಕೊಡುತ್ತದೆ. ಮೇಲಾಗಿ ಕ್ಲೋರಿನ್ ಇಲ್ಲದ ಒದ್ದೆ ಕಾರ್ಬನ್‌ನಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ. ಕವರ್ ಮೇಲೆ ಇಷ್ಟು ಲೀಟರ್ ಅಂತ ಬರೆದಿರುತ್ತದೆ, ಮನೆಯಲ್ಲಿ ದಿನಕ್ಕೆ ಎಷ್ಟು ಹಿಡಿಯುತ್ತೀರಿ ಅಂತ ಭಾಗಿಸಿ ನೋಡಿ. ಎರಡು ವರ್ಷ ತೀರಾ ಜಾಸ್ತಿ.

ಬಿಸಿಲಿಗೆ ಏನೂ ಆಗುವುದಿಲ್ಲ. ಕಾರ್ಖಾನೆಗಳಲ್ಲಿ ಕಾರ್ಬನ್‌ಗೆ ಮರುಜೀವ ಕೊಡುವುದು ಕುಲುಮೆಯಲ್ಲಿ ಕಾಯಿಸಿ, ಅದೂ ಸಾವಯವ ಕೊಳೆ ಸುಡಲು. ಲೋಹ ಬಿಡಿಸಲು ಆಸಿಡ್‌ನಲ್ಲಿ ತೊಳೆಯಬೇಕು, ಆಮೇಲೆ ಲೋಹ ತುಂಬಿದ ಆ ಆಸಿಡ್ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಹಳೆಯ ಕಾಟ್ರಿಡ್ಜ್ ಒಡೆದು ಒಳಗಿನ ಕಪ್ಪು ಪುಡಿಯನ್ನು ಗೊಬ್ಬರ ಅಂತ ಬಸಳೆ ಬುಡಕ್ಕೆ ಹಾಕುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಹಾಗೇ ಮುಚ್ಚಿದ್ದನ್ನು ಪೇಪರ್‌ನಲ್ಲಿ ಸುತ್ತಿ, ಟ್ಯೂಬ್‌ಲೈಟ್, ಬ್ಯಾಟರಿ ಹಾಕುವ ಬುಟ್ಟಿ ನಿಮ್ಮ ಕಡೆ ಇದ್ದರೆ ಅದಕ್ಕೆ ಕೊಡಿ, ಇಲ್ಲದಿದ್ದರೆ ಒಣ ಕಸಕ್ಕೆ.